ಕಾರ್ನರ್ ಸೈಟಲ್ಲಿ ಮನೆ, ಕೆಳಗೆ ಎರಡು ಅಂಗಡಿ: ಬೀದಿಗೂ ಒಳ್ಳೆಯದಾಗುವ ಹಾಗೆ ಹೇಗೆ ಕಟ್ಟಲಿ?

ಪ್ರಶ್ನೆ (ಮೈಸೂರು)

ನಮ್ಮದು 40–60ರ ಕಾರ್ನರ್ ಸೈಟ್. ಎರಡು ಕಡೆ ರಸ್ತೆ. ಕೆಳಗೆ ಎರಡು ಅಂಗಡಿ, ಮೇಲೆ ಮನೆ ಅಂತ ಯೋಚನೆ. ಪ್ಲಾನ್ ಇನ್ನೂ ಮಂಜೂರಾತಿಗೆ ಕೊಟ್ಟಿಲ್ಲ. ಡಿಸೈನ್ ಮಾಡುವವರು ಎಲಿವೇಶನ್‌ಗೆ, ಅಂದರೆ ಮುಂಭಾಗದ ನೋಟಕ್ಕೆ, ಗ್ಲಾಸು, ಎಸಿಪಿ (ಅಲ್ಯುಮಿನಿಯಂ ಹೊದಿಕೆಯ) ಶೀಟು ತೋರಿಸುತ್ತಿದ್ದಾರೆ. ಏಳಡಿ ಕಾಂಪೌಂಡ್ ಹಾಕು ಅಂತ ಅಣ್ಣ. ನಮ್ಮತ್ತೆ ಮಾತ್ರ "ಹೊರಗಡೆ ಒಂದು ಜಗಲಿ ಬಿಡಿ, ಹೋಗಿಬರೋರು ಕೂರಲಿ" ಅನ್ನುತ್ತಾರೆ. ನನಗೂ ಅದೇ ಇಷ್ಟ. ಈ ಬೀದಿಯಲ್ಲಿ ಸ್ಕೂಲ್ ಮಕ್ಕಳು, ವಾಕಿಂಗ್ ಹೋಗುವ ವಯಸ್ಸಾದವರು ಜಾಸ್ತಿ. ಅಕ್ಕಪಕ್ಕದವರಿಗೂ ಅನುಕೂಲ ಆಯಿತು ಅನ್ನುವಂಥದ್ದು ನೀವೇನು ಮಾಡಿದಿರಿ? ದುಡ್ಡು ಜಾಸ್ತಿ ಹೋಗದ ಹಾಗೆ ಹೇಳಿ.

ಧಾರವಾಡದಿಂದ

ನಿಮ್ಮ ಅತ್ತೆಯವರ ಮಾತು ಕೇಳ್ರಿ. ನಮ್ಮ ಮನೆ ಮುಂದೆ ಕಟ್ಟಿ ಇದೆ, ಅಪ್ಪ ಹಾಕಿಸಿದ್ದು. ಬೆಳಿಗ್ಗೆ ಕಾಯಿಪಲ್ಲೆ ಮಾರುವವಳು ಬುಟ್ಟಿ ಇಳಿಸುತ್ತಾಳೆ. ಮಧ್ಯಾಹ್ನ ಸ್ಕೂಲ್ ವ್ಯಾನ್ ಕಾಯುವ ಅಜ್ಜಿಯರು. ಸಂಜೆ ನಿವೃತ್ತ ಮಾಸ್ತರರ ಬೈಠಕ್ಕು, ರಾಜಕೀಯ ಬಿಟ್ಟು ಬೇರೆ ಮಾತಿಲ್ಲ. ಹಿಂದೆ ಊರದಾರಿಯಲ್ಲಿ ಹೊರೆಗಲ್ಲು ನಿಲ್ಲಿಸುತ್ತಿದ್ದರು, ತಲೆಮೇಲಿನ ಭಾರ ಇಳಿಸಲಿಕ್ಕೆ. ಅದೂ ಹೀಗೆಯೇ, ದಾರಿಹೋಕರಿಗೆ ಅಂತಲೇ ಇಟ್ಟದ್ದು.

ಅಳತೆ ಹೇಳುತ್ತೇನೆ, ಇಲ್ಲೇ ಎಲ್ಲರೂ ತಪ್ಪುವುದು. ಎತ್ತರ 16ರಿಂದ 18 ಇಂಚು. ಅದಕ್ಕಿಂತ ತಗ್ಗಿದ್ದರೆ ಮೊಣಕಾಲು ನೋವಿದ್ದವರು ಏಳಲಾರರು. ಅಗಲ ಒಂದೂವರೆ ಅಡಿ ಸಾಕು. ಮೇಲ್ಗಲ್ಲಿಗೆ ರಸ್ತೆ ಕಡೆ ಸ್ವಲ್ಪ ಇಳಿಜಾರು ಕೊಡಿ, ಮಳೆನೀರು ನಿಲ್ಲಬಾರದು. ಪಾಲಿಶ್ ಗ್ರಾನೈಟ್ ಬೇಡ, ಒದ್ದೆಯಾದರೆ ಜಾರುತ್ತದೆ. ಪಶ್ಚಿಮದ ಬಿಸಿಲು ನೇರ ಬೀಳುವ ಕಡೆ ಹಾಕಿದರೆ ಸಂಜೆ ಹೊತ್ತು ಕಲ್ಲು ಕಾದು ಯಾರೂ ಕೂರುವುದಿಲ್ಲ.

ಬೆಂಗಳೂರಿನಿಂದ (1)

ಬೇಜಾರು ಮಾಡಿಕೊಳ್ಳಬೇಡಿ, ನಮ್ಮಲ್ಲಿ ಇದು ಕೈಕೊಟ್ಟಿತು. ನಾವೂ ಆಸೆಪಟ್ಟು ಕಲ್ಲಿನ ಬೆಂಚು ಹಾಕಿಸಿದ್ದೆವು. ರಾತ್ರಿ ಹುಡುಗರು ಕೂತು ಸಿಗರೇಟು ಸೇದೋದು, ಬಾಟಲಿ ಬಿಟ್ಟು ಹೋಗೋದು. ಪಕ್ಕದ ಮನೆಯವರು ನಮ್ಮನ್ನೇ ಬೈದರು. ಕೊನೆಗೆ ಬೆಂಚಿನ ಮೇಲೆ ಸಾಲಾಗಿ ಕುಂಡ ಇಟ್ಟೆವು.

ಧಾರವಾಡದಿಂದ

ಒಂದು ಕೇಳಲಾ ಮೇಡಂ? ಬೆಂಚಿನ ಹಿಂದೆ ಏನಿದೆ? ಕಿಟಕಿ ಇದೆಯಾ?

ಬೆಂಗಳೂರಿನಿಂದ (1)

ಇಲ್ಲ, ಕಾರ್ ಪಾರ್ಕಿಂಗ್ ಗೋಡೆ. ಮನೆ ಶುರುವಾಗೋದೇ ಮೊದಲ ಮಹಡಿಯಿಂದ.

ಧಾರವಾಡದಿಂದ

ಅಲ್ಲೇ ಇದೆ ನೋಡ್ರಿ. ನಮ್ಮ ಕಟ್ಟಿ ಹಾಲ್‌ನ ಕಿಟಕಿ ಕೆಳಗೇ ಇದೆ. ಒಳಗೆ ಕೆಮ್ಮಿದರೆ ಹೊರಗೆ ಕೇಳುತ್ತದೆ. ಅಂಥ ಕಡೆ ಕೂತು ಯಾರು ಕುಡಿಯುತ್ತಾರೆ? ಮೈಸೂರಿನವರೇ, ನಿಮ್ಮ ಮನೆಯೂ ಮೇಲೆ ಅಂತೀರಿ. ಹಾಗಿದ್ದರೆ ಜಗಲಿಯನ್ನು ಅಂಗಡಿ ಪಕ್ಕ, ಬೆಳಕಿರುವ ಕಡೆ ಹಾಕಿ. ಅದರ ಮೇಲ್ಗಡೆ ಮನೆಯ ಬಾಲ್ಕನಿ ಬರಲಿ, ಗಾಜಿನ ಗೋಡೆಯಲ್ಲ. ಒಂದೇ ಉದ್ದ ಮಾಡಬೇಡಿ, ಎರಡು ತುಂಡು ಮಾಡಿ. ಆಗ ಯಾರೂ ಕಾಲು ಚಾಚಿ ಮಲಗುವುದಿಲ್ಲ.

ಬೆಂಗಳೂರಿನಿಂದ (2)

ನಾನು ನೀರು ಮತ್ತು ಮರದ ಬಗ್ಗೆ ಮಾತ್ರ ಹೇಳುತ್ತೇನೆ, ಅದರಲ್ಲೇ ಬೀದಿಗೆ ಹೆಚ್ಚು ಲಾಭ.

ಬೆಂಗಳೂರಲ್ಲಿ 2009ರ ಕಾನೂನು ತಿದ್ದುಪಡಿ ಆದಮೇಲೆ 30–40ರ ಸೈಟಲ್ಲಿ ಹೊಸದಾಗಿ ಕಟ್ಟುವವರೂ ಮಳೆಕೊಯ್ಲು ಮಾಡಲೇಬೇಕು. ಎಷ್ಟೋ ಜನ ತೋರಿಕೆಗೆ ಒಂದು ಡ್ರಮ್ಮು ಇಟ್ಟು ಕೈತೊಳೆದುಕೊಳ್ಳುತ್ತಾರೆ. ಲೆಕ್ಕ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಮೈಸೂರಲ್ಲಿ ವರ್ಷಕ್ಕೆ ಹೆಚ್ಚೂಕಮ್ಮಿ 800 ಮಿ.ಮೀ. ಬೀಳುತ್ತದೆ. ನಿಮ್ಮ ತಾರಸಿ 1,000 ಚದರಡಿ ಇದ್ದರೂ 70,000 ಲೀಟರ್ ಮೇಲೆ ಆಯಿತು. ಇದನ್ನು ಪೈಪಲ್ಲಿ ರಸ್ತೆಗೆ ಬಿಟ್ಟರೆ ಕೆಳಗಿನ ಮನೆಯವರ ಗೇಟ್ ಮುಂದೆ ಕೆರೆ. ಇಳಿಜಾರಿನ ಕೊನೇ ಮನೆಯವರನ್ನು ಕೇಳಿ, ಮಳೆಗಾಲದಲ್ಲಿ ನಮ್ಮನ್ನೆಲ್ಲ ಎಷ್ಟು ಶಪಿಸುತ್ತಾರೆ ಅಂತ.

ಇಂಗುಬಾವಿ ತೋಡಿಸಿ. ಮೂರಡಿ ಅಗಲ, 20 ಅಡಿ ಆಳ, ಸಿಮೆಂಟ್ ರಿಂಗು. ಅದೊಂದೇ ಸುಮಾರು 4,000 ಲೀಟರ್ ಹಿಡಿಯುತ್ತದೆ. ಅಂದರೆ ಒಂದು ಜೋರು ಮಳೆಗೆ ನಿಮ್ಮ ತಾರಸಿಯಿಂದ ಇಳಿಯುವ ನೀರಿನ ಬಹುಪಾಲು. ಅದು ನಿಧಾನವಾಗಿ ಇಂಗುತ್ತದೆ, ಇಡೀ ಬೀದಿಯ ಅಂತರ್ಜಲಕ್ಕೆ ಸೇರುತ್ತದೆ. ಬೆಂಗಳೂರಲ್ಲಿ ನೀರಿನ ಬಗ್ಗೆ ಕೆಲಸ ಮಾಡುವ ಬಯೋಮ್ ಟ್ರಸ್ಟ್‌ನವರು ಹತ್ತು ಲಕ್ಷ ಇಂಗುಬಾವಿ ಆಗಬೇಕು ಅಂತ ಅಭಿಯಾನವನ್ನೇ ನಡೆಸಿದ್ದಾರೆ. ತಲೆಮಾರುಗಳಿಂದ ಬಾವಿ ತೋಡುತ್ತಿದ್ದ ಮಣ್ಣು ವಡ್ಡರ ಕುಟುಂಬಗಳಿಗೆ ಇದರಿಂದ ಮತ್ತೆ ಕೆಲಸ ಸಿಕ್ಕಿದೆ. ಅನುಭವ ಇರುವವರಿಂದಲೇ ತೋಡಿಸಿ. ಪಾಯದಿಂದ ದೂರ ಇರಲಿ, ಬಾಯಿಗೆ ಗಟ್ಟಿ ಮುಚ್ಚಳ ಹಾಕಿಸಿ, ಮಕ್ಕಳು ಓಡಾಡುವ ಜಾಗ ಅಲ್ವಾ.

ಮರ. ಹೊಂಗೆ ಹಾಕಿ, ನನ್ನ ಮೊದಲ ಓಟು ಅದಕ್ಕೇ. ಬೇಸಿಗೆ ಶುರುವಾಗುವ ಹೊತ್ತಿಗೆ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಮತ್ತೆ ಚಿಗುರಿ ನಿಂತಿರುತ್ತದೆ. ನೆರಳು ಬೇಕಾದ ತಿಂಗಳಲ್ಲೇ ನೆರಳು. ಹೂವು ಅರಳು ಚೆಲ್ಲಿದ ಹಾಗೆ ಬೀಳುತ್ತದೆ, ಗುಡಿಸುವ ಕೆಲಸ ಇದೆ, ಮೊದಲೇ ಹೇಳಿಬಿಡುತ್ತೇನೆ. ಸಂಪಿಗೆಯೂ ಒಳ್ಳೆಯದು. ಗುಲ್‌ಮೊಹರ್ ನೋಡಲು ಚಂದ, ಆದರೆ ಕೊಂಬೆ ಗಟ್ಟಿ ಇಲ್ಲ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಮುರಿದು ಯಾರದೋ ಕಾರಿನ ಮೇಲೆ ಬೀಳುತ್ತದೆ. ಆಲ, ಅರಳಿ ಮನೆ ಹತ್ತಿರ ಬೇಡವೇ ಬೇಡ. ಕರೆಂಟ್ ಲೈನ್ ಕೆಳಗಿನ ಜಾಗದಲ್ಲಿ ಕರಿಬೇವು, ನಿಂಬೆಯಂಥ ಗಿಡ ಸಾಕು. ಚಿಟ್ಟೆಗಳು ಅದರ ಮೇಲೆ ಮೊಟ್ಟೆ ಇಡುತ್ತವೆ. ಪಕ್ಕದ ಮನೆಯವರು ಕರಿಬೇವು ಕೇಳಿಕೊಂಡು ಬರುತ್ತಾರೆ. ಹಾಗೇ ಪರಿಚಯ ಆಗುತ್ತದೆ.

ಇನ್ನೊಂದು. ಬುಡಕ್ಕೆ ಸಿಮೆಂಟು ಹಾಕಿಸಬೇಡಿ. ದೆಹಲಿಯಲ್ಲಿ 2013ರಲ್ಲಿ ಹಸಿರು ನ್ಯಾಯಮಂಡಳಿಯೇ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಯಿರಿ ಅಂತ ಆದೇಶ ಮಾಡಬೇಕಾಯಿತು. ಇಂಟರ್‌ಲಾಕ್ ಟೈಲ್ಸ್ ಹಾಕಿದರೆ ನೀರು ಇಂಗುತ್ತದೆ ಅನ್ನುವವರು ಸಿಗುತ್ತಾರೆ. ಕೆಳಗೆ ಕಾಂಕ್ರೀಟ್ ಬೆಡ್ ಹಾಕಿದ್ದರೆ ಒಂದು ಹನಿಯೂ ಇಂಗುವುದಿಲ್ಲ.

ಮಂಗಳೂರಿನಿಂದ

ಏಳಡಿ ಪಾಗಾರ ಯಾಕೆ ಮಾರಾಯ್ರೆ? ಅದನ್ನು ಹಾರಿ ಒಳಗೆ ಬಂದ ಕಳ್ಳ ರಸ್ತೆಯವರಿಗೆ ಕಾಣುವುದೇ ಇಲ್ಲ, ಅವನಿಗೇ ಆರಾಮ. ನಮ್ಮದು ಕೆಂಪುಕಲ್ಲಿನದು, ಮೂರೂವರೆ ಅಡಿ, ಪ್ಲಾಸ್ಟರ್ ಇಲ್ಲ. ಮೇಲೆ ಬಳ್ಳಿ. ಮಳೆಗಾಲದಲ್ಲಿ ಪಾಚಿ ಹಿಡಿದು ಹಸಿರಾಗುತ್ತದೆ, ಪೇಂಟ್ ಖರ್ಚೂ ಇಲ್ಲ.

ದಾವಣಗೆರೆಯಿಂದ, ಸಿವಿಲ್ ಎಂಜಿನಿಯರ್

ಕಾರ್ನರ್ ಸೈಟ್ ಅಂದಿರಿ, ಆದರೆ ಮೂಲೆ ಬಗ್ಗೆ ಯಾರೂ ಹೇಳಲಿಲ್ಲ. ಎರಡು ರಸ್ತೆ ಕೂಡುವ ಕಡೆ ಕಾಂಪೌಂಡ್ ಎತ್ತರ ಇದ್ದರೆ ತಿರುಗುವ ಗಾಡಿಗೆ ಅತ್ತ ಬರುವ ಮಗು ಕಾಣುವುದಿಲ್ಲ. ಆ ಮೂಲೆಯನ್ನು ಓರೆಯಾಗಿ ಕತ್ತರಿಸಿ ಬಿಡಿ. ಅಲ್ಲಿ ಮೊಣಕಾಲೆತ್ತರದ ಗಿಡ ಮಾತ್ರ. ಹೀಗೆ ಬಿಟ್ಟ ಮನೆ ಮುಂದೆ ಹಾರ್ನ್ ಹಾವಳಿಯೂ ಕಡಿಮೆ.

ರ‍್ಯಾಂಪು. ನಮ್ಮ ಊರುಗಳಲ್ಲಿ ಫುಟ್‌ಪಾತ್ ಕೊಲ್ಲುವುದು ಇದೇ. ಎಲ್ಲರೂ ಚರಂಡಿ ಮೇಲೆ ಇಳಿಜಾರು ಎಳೆದುಬಿಡುತ್ತಾರೆ. ನಡೆಯುವವರು ರಸ್ತೆಗೆ ಇಳಿಯಬೇಕು, ಚರಂಡಿ ಹೂಳು ತೆಗೆಯಲೂ ಆಗುವುದಿಲ್ಲ. ವೀಲ್‌ಚೇರ್ ಹತ್ತಬೇಕಾದರೆ ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಅಂಗಡಿಯ ನೆಲ ರಸ್ತೆಗಿಂತ ಅರ್ಧ ಅಡಿ ಮೇಲಿದ್ದರೆ ಆರಡಿ ಸಾಕು, ಅದು ನಿಮ್ಮ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಒಳಗೇ ಆಗುತ್ತದೆ. ಜಗಲಿಯೂ ಅಷ್ಟೇ, ಸೈಟಿನ ಗೆರೆ ದಾಟಬಾರದು. ದಾಟಿದರೆ ಅದು ಉಪಕಾರ ಅಲ್ಲ, ಒತ್ತುವರಿ. ಪ್ಲಾನ್ ಕೊಡುವ ಮೊದಲೇ ಈ ಲೆವೆಲ್ಲು ಕೂಡಿಸಿಕೊಳ್ಳಿ. ಪಾಯ ಎದ್ದಮೇಲೆ ಏನೂ ಮಾಡಲಾಗುವುದಿಲ್ಲ.

ಹುಬ್ಬಳ್ಳಿಯಿಂದ, ಮೆಡಿಕಲ್ ಶಾಪ್ ನಡೆಸುವವನು

ಅಂಗಡಿ ಮುಂದೆ ನೆರಳು ಕೊಡಿ ಸರ್. ನಿಮ್ಮ ಊರಲ್ಲೇ ಲ್ಯಾನ್ಸ್‌ಡೌನ್ ಕಟ್ಟಡ ಇದೆಯಲ್ಲ, ಈಗ ಪಾಪ ಅವಸ್ಥೆ ಕೆಟ್ಟಿದೆ, 2012ರಲ್ಲಿ ಒಂದು ಭಾಗ ಕುಸಿಯಿತು. ಅದರ ಮುಂದಿನ ಕಂಬಸಾಲಿನ ಪಡಸಾಲೆ ನೋಡಿ. ಬಿಸಿಲು ಮಳೆಗೆ ಸಿಗದೆ ಅಂಗಡಿಯಿಂದ ಅಂಗಡಿಗೆ ನಡೆಯಬಹುದಿತ್ತು. ನೀವು ಅಷ್ಟು ಮಾಡಬೇಕಿಲ್ಲ. ನಾಲ್ಕಡಿ ಛಜ್ಜಾ ಇಳಿಸಿದರೆ ಸಾಕು, ಗಿರಾಕಿ ನಿಲ್ಲುತ್ತಾನೆ, ಗಿರಾಕಿ ಅಲ್ಲದವನೂ ನಿಲ್ಲುತ್ತಾನೆ. ನಿಂತವನು ಆಮೇಲೆ ಒಳಗೆ ಬರುತ್ತಾನೆ, ಇದು ಗಲ್ಲಾದ ಮಾತು.

ಪೂರ್ತಿ ಮುಚ್ಚುವ ಶಟರ್ ಬದಲು ಜಾಲರಿ ಶಟರ್ ಹಾಕಿಸಿ. ರಾತ್ರಿ ಒಳಗೊಂದು ಸಣ್ಣ ದೀಪ ಇಟ್ಟರೆ ಫುಟ್‌ಪಾತ್‌ಗೂ ಬೆಳಕು. ನರ್ಸಿಂಗ್ ಹುಡುಗಿಯರು ಡ್ಯೂಟಿ ಮುಗಿಸಿ ನಮ್ಮ ಕಡೆಯಿಂದಲೇ ಹೋಗುತ್ತಾರೆ. ಬೇಸಿಗೆಯಲ್ಲಿ ಎರಡು ಮಣ್ಣಿನ ಹೂಜಿ ಇಟ್ಟು ಅರವಟ್ಟಿಗೆ ಮಾಡಿ, ಅದಕ್ಕೊಂದು ಕಟ್ಟೆ ಈಗಲೇ ಕಟ್ಟಿಸಿ. ಗ್ಲಾಸ್ ಎಲಿವೇಶನ್ ಮಾತ್ರ ಬೇಡ. ನಮ್ಮ ಎದುರಿನ ಕಾಂಪ್ಲೆಕ್ಸಿನ ಗ್ಲಾಸಿನಿಂದ ಬರುವ ಝಳಕ್ಕೆ ನಾನು ಮಧ್ಯಾಹ್ನ ಪರದೆ ಇಳಿಸಿ ಕೂರಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಗ್ಲಾಸು ತೆಗೆಸಿದೆ. ಕಾಂಪೌಂಡ್ ನಾಲ್ಕಡಿಗೆ ಒಪ್ಪಿಸಿದೆ, ಅಣ್ಣ ಇನ್ನೂ ಮುನಿಸಿಕೊಂಡಿದ್ದಾರೆ. ಒಂದು ಅನುಮಾನ. ನಾನು ಎಷ್ಟೇ ಚೆನ್ನಾಗಿ ಕಟ್ಟಿದರೂ ಬಾಡಿಗೆಗೆ ಬಂದವರು ಜಗಲಿ ಮೇಲೆ ಸಾಮಾನು ಪೇರಿಸಿ, ಬೋರ್ಡು ನಿಲ್ಲಿಸಿಬಿಟ್ಟರೆ?

ಹುಬ್ಬಳ್ಳಿಯಿಂದ, ಮೆಡಿಕಲ್ ಶಾಪ್ ನಡೆಸುವವನು

ಕರಾರು ಪತ್ರದಲ್ಲೇ ಬರೆಸಿ. ನಮ್ಮ ಮಾಲೀಕರು ಬರೆಸಿದ್ದಾರೆ: ಬೋರ್ಡು ಛಜ್ಜಾದ ಅಂಚಿಗೆ ಮಾತ್ರ, ಇಂತಿಷ್ಟೇ ಎತ್ತರ. ಜಗಲಿ, ರ‍್ಯಾಂಪು, ಮರದ ಬುಡ ಖಾಲಿ ಇರಬೇಕು. ಎಸಿಯ ಹೊರಗಿನ ಯೂನಿಟ್ಟು ತಾರಸಿ ಮೇಲೆ, ಅದಕ್ಕೆ ಪೈಪಿನ ದಾರಿ ಕಟ್ಟುವಾಗಲೇ ಬಿಟ್ಟಿದ್ದರು. ಗಿಡಕ್ಕೆ ನೀರು ಹಾಕುವುದು ಬಾಡಿಗೆದಾರನ ಕೆಲಸ, ನೀರಿನ ಬಿಲ್ಲು ಮಾಲೀಕರದು. ಅಡ್ವಾನ್ಸ್ ಕೊಡುವ ದಿನ ಓದಿ ಹೇಳಿದರು, ನಾನು ಸಹಿ ಹಾಕಿದೆ. ಬೇಕಾದರೆ ಆ ಸಾಲುಗಳ ಫೋಟೊ ತೆಗೆದು ಹಾಕುತ್ತೇನೆ.