‘ಡಿಜಿಟಲ್ ಗುರುತು’ ಅಂದರೆ ಕೃಷಿಭವನದವರಿಗೆ ಏನು ಅರ್ಥವಾಗುತ್ತದೆ?

ಎಲ್ಲರಿಗೂ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ನಮಸ್ಕಾರ. ಪರಿಚಯದ ವಿದ್ಯಾರ್ಥಿಯೊಬ್ಬರ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಬ್ಸಿಡಿ ಕೊಡುವಾಗ ಆಧಾರ್, ಬೆರಳಚ್ಚು, ಒಟಿಪಿ ಎಲ್ಲ ಬೇಕು ಅನ್ನುವುದರ ಬಗ್ಗೆ ಕೃಷಿಭವನದ, ಅಂದರೆ ಇಲ್ಲಿಯ ಸರಕಾರಿ ಕೃಷಿ ಕಚೇರಿಯ, ಕೃಷಿ ಆಫೀಸರ್‌ಗಳಿಗೆ, ಸಹಾಯಕರಿಗೆ ಏನನಿಸುತ್ತದೆ ಅಂತ ಕೇಳುವುದು ಅದರಲ್ಲಿ. ‘ಡಿಜಿಟಲ್ ಐಡೆಂಟಿಟಿ’ಗೆ ಸದ್ಯಕ್ಕೆ ‘ಡಿಜಿಟಲ್ ಗುರುತು’ ಅಂತ ಹಾಕಿದ್ದೇನೆ. ಸರಿ ಕೂರುತ್ತಿಲ್ಲ.

ನಮ್ಮ ಕಡೆ ‘ಗುರ್ತು’ ಅಂದರೆ ಪರಿಚಯ. ‘ಅವರ ಗುರ್ತು ಉಂಟಾ?’ ಅಂದರೆ ಅವರು ಗೊತ್ತಾ ಅಂತ. ಪ್ರಶ್ನೆ ಓದಿ ಹೇಳಿದಾಗ ಸಹಾಯಕರೊಬ್ಬರು ಥಟ್ಟನೆ ಅಂದರು, ‘ಗುರ್ತು ನಮಗೆ ಉಂಟಲ್ಲ, ಮೆಶಿನಿಗೆ ಇಲ್ಲದ್ದು!’ ನಕ್ಕೆವು. ಆದರೆ ಅವರು ಉತ್ತರ ಕೊಟ್ಟದ್ದು ನಾನು ಕೇಳಿದ ಪ್ರಶ್ನೆಗಲ್ಲ.

ಮೆಶಿನಿನ ಕಥೆ ಗೊತ್ತಲ್ಲ. ಅಡಿಕೆ ಸುಲಿದು, ರಬ್ಬರ್ ಟ್ಯಾಪಿಂಗ್ ಮಾಡಿ ರೇಖೆ ಸವೆದ ಬೆರಳನ್ನು ಗೊಬ್ಬರದ ಅಂಗಡಿಯ ಪಿಒಎಸ್ (ಬೆರಳು ಒತ್ತಿಸಿ ಬಿಲ್ ಮಾಡುವ ಮೆಶಿನ್) ಹಿಡಿಯುವುದಿಲ್ಲ. ಮುಂಡಿನ ಅಂಚಿಗೆ ಒರೆಸಿ ಮತ್ತೆ ಒತ್ತುತ್ತಾರೆ. ಬೇರೆ ಬೆರಳು ಇಡುತ್ತಾರೆ. 45 ಕಿಲೋದ ಯೂರಿಯಾ ಚೀಲ ಕಾಲ ಬುಡದಲ್ಲೇ ಇರುತ್ತದೆ.

ಹಾಗಂತ ಆಫೀಸರ್‌ಗಳೆಲ್ಲ ಇದಕ್ಕೆ ವಿರೋಧ ಅಂದುಕೊಳ್ಳಬೇಡಿ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಮೂರು ಕಂತಿನಲ್ಲಿ ನೇರ ಖಾತೆಗೆ ಬೀಳುತ್ತದೆ. ನಡುವೆ ಯಾರ ಕೈಯೂ ಇಲ್ಲ. ಇದು ಒಳ್ಳೆಯದೇ ಅಂತಾರೆ ಅವರು. ಇ-ಕೆವೈಸಿ (ಆಧಾರ್ ಮೂಲಕ ಇವರೇ ಅವರು ಅಂತ ಖಚಿತಪಡಿಸುವುದು) ಆಗದೆ ಕಂತು ನಿಂತರೆ ಮಾತ್ರ ಜನ ಬರುವುದು ಅವರ ಮೇಜಿಗೇ. 2023ರಲ್ಲಿ ಮುಖ ತೋರಿಸಿ ಮುಗಿಸುವ ಆ್ಯಪ್ ಬಂದಮೇಲೆ ಬೆರಳಿನ ಗೋಳು ಸ್ವಲ್ಪ ಕಡಿಮೆ. ಹೆಸರಿನ ಗೋಳು ಹಾಗೇ ಉಂಟು. ಕನ್ನಡದ ಐತಪ್ಪ ಮಲಯಾಳ ದಾಟಿ ಇಂಗ್ಲಿಷಿಗೆ ಹೋಗುವಾಗ ಆಧಾರಿನಲ್ಲಿ ‘ಟಿ’ಯ ಜೊತೆ ‘ಎಚ್’ ಸೇರಿರುತ್ತದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇರುವುದಿಲ್ಲ. ಕಂಪ್ಯೂಟರಿಗೆ ಇಬ್ಬರು ಐತಪ್ಪಂದಿರು.

ಬೇರೆ ಪದ ಹುಡುಕಿದೆ. ‘ದೃಢೀಕರಣ’ ಅಂದರೆ ಪರೀಕ್ಷಿಸುವ ಕೆಲಸವಾಯಿತು, ಗುರುತು ಆಗಲಿಲ್ಲ. ಅದಲ್ಲದೆ ಆ ಪದ ಕೇಳಿದರೆ ಸರ್ಟಿಫಿಕೇಟ್ ನೆನಪಾಗುತ್ತದೆ. ‘ಬೆರಳಚ್ಚು’ ಟೈಪಿಂಗೂ ಹೌದು, ಮುಖ, ಒಟಿಪಿ ಅದರೊಳಗೆ ಬರುವುದಿಲ್ಲ. ‘ಹೆಬ್ಬೆಟ್ಟು’ ಬೇಡವೇ ಬೇಡ. ಎಂಎ ಓದಿದವರೂ ಈಗ ಒತ್ತುತ್ತಾರೆ, ಆದರೂ ಆ ಪದದ ಬೈಗುಳದ ವಾಸನೆ ಹೋಗಿಲ್ಲ.

ಇನ್ನೊಂದು ಸಣ್ಣ ಸಂಶಯ. ಅಧಿಕಾರಿಗಳ ‘ಧೋರಣೆ’ ಅಂತ ಬರೆಯಬಹುದಾ? ಪೇಪರಿನಲ್ಲಿ ಆ ಪದ ಬಂದರೆ ಮುಂದೆ ‘ಖಂಡಿಸಿ ಪ್ರತಿಭಟನೆ’ ಅಂತ ಇದ್ದೇ ಇರುತ್ತದೆ, ಅಲ್ವಾ? ಕೇಳುವ ಮೊದಲೇ ಬೈದ ಹಾಗೆ ಆಗಬಾರದು.

ಗಡಿಯಾಚೆ ಕರ್ನಾಟಕದ ಪುತ್ತೂರು, ಸುಳ್ಯದವರೂ ನಮ್ಮ ಹಾಗೇ ‘ಗುರ್ತು ಉಂಟು’ ಅನ್ನುವವರು. ಅಲ್ಲಿ ಸರಕಾರದ ರೈತರ ನೋಂದಣಿ ವ್ಯವಸ್ಥೆಯಾದ ಫ್ರೂಟ್ಸ್‌ನ ಎಫ್‌ಐಡಿ ಸಂಖ್ಯೆ, ಅಂದರೆ ರೈತರ ಐಡಿ ನಂಬರ್, ಬಂದಿದೆ. ರೈತ ಸಂಪರ್ಕ ಕೇಂದ್ರದವರು ಮಾತಾಡುವಾಗ ಅದಕ್ಕೆ ಏನನ್ನುತ್ತಾರೆ? ಸುಮ್ನೆ ‘ಎಫ್‌ಐಡಿ’ಯಾ, ಬೇರೆ ಪದ ಉಂಟಾ? ಕೇಳಿದವರು ಇದ್ದರೆ ತಿಳಿಸಿ. ನಿಘಂಟಿನ ಪದ ಬೇಡ, ಕೌಂಟರಿನಲ್ಲಿ ಆಡುವ ಮಾತು ಬೇಕು.