ಅಪ್‌ಡೇಟ್: ಅಮ್ಮನ ಜೊತೆ ವಿಯೆಟ್ನಾಂಗೆ ಹೋಗಿ ಬಂದೆ

ತುಳು, ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಮಲ್ಪೆಯ ಅಮ್ಮನಿಗೆ ವಿಯೆಟ್ನಾಂನಲ್ಲಿ ಬೇಜಾರಾಗುತ್ತದಾ ಎಂದು ಹೋಗುವ ಮೊದಲು ಇಲ್ಲಿ ಕೇಳಿದ್ದೆ ಅಲ್ವಾ. ಬೇಜಾರಾಗಿದ್ದು ನನಗೆ ಮಾರಾಯ್ರೆ, ಅವರನ್ನು ಮಾರ್ಕೆಟ್‌ನಿಂದ ಹೊರಗೆ ಎಳೆದು ತರುವಷ್ಟರಲ್ಲಿ!

ನಾವು ಹೋದ ಹೋಯಿ ಆನ್ ಎಂಬ ಊರಿನ ಹಳೇ ಪೇಟೆ 1999ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಎಲ್ಲರೂ ಲಾಟೀನಿನ ಫೋಟೋ ತೆಗೆಯುತ್ತಾರೆ. ಅಮ್ಮ ಸೀದಾ ಮೀನಿನ ಕಡೆಗೆ. ಒಂದು ಬಂಗುಡೆ ಎತ್ತಿ, ಕಿವಿರು ಅಗಲಿಸಿ ನೋಡಿ, ಮುಖ ಸಿಂಡರಿಸಿ ವಾಪಸ್ ಇಟ್ಟರು. ಮಾರುತ್ತಿದ್ದ ಹೆಂಗಸು ಜೋರಾಗಿ ನಕ್ಕು, ಬುಟ್ಟಿಯ ಅಡಿಯಿಂದ ಬೇರೆ ಮೀನು ತೆಗೆದು ಕೆಂಪು ಕಿವಿರು ತೋರಿಸಿದರು. ಆಮೇಲೆ ಇವರು ತುಳುವಿನಲ್ಲಿ, ಅವರು ಅವರ ಭಾಷೆಯಲ್ಲಿ, ನನ್ನ ಫೋನಿನ ಅನುವಾದದ ಆ್ಯಪ್ ಜೇಬಿನಲ್ಲೇ. ಮೀನು ಬೇಯಿಸಲು ನಮಗೆ ಅಡುಗೆಮನೆಯೇ ಇಲ್ಲ, ಆದರೂ ಚೌಕಾಸಿ ನಡೆಯಿತು.

ಅಲ್ಲಿನ ದುಂಡಗಿನ ಬಿದಿರಿನ ದೋಣಿಗೆ ನೀರು ನುಗ್ಗದಂತೆ ಹಿಂದಿನಿಂದಲೂ ಸೆಗಣಿ, ಮರದ ರಾಳ ಬಳಿಯುತ್ತಿದ್ದರು ಎಂದು ತಿಳಿದ ಮೇಲಂತೂ ಅಮ್ಮನಿಗೆ ಆ ಊರು ಪಕ್ಕದ ಬೀದಿಯಂತೆ.

ಊಟದ ಬಗ್ಗೆ ಕೇಳಿದವರಿಗೆ: ಅಕ್ಕಿ ಹಿಟ್ಟು, ಅರಿಶಿನ ಹಾಕಿ ಬಾನ್ ಸೆಯೋ ಅಂತ ಗರಿಗರಿ ದೋಸೆ ಮಾಡುತ್ತಾರೆ. ಒಳಗೆ ಸಿಗಡಿ, ಹಂದಿ ಮಾಂಸ ಇರುತ್ತದೆ, ಸಸ್ಯಾಹಾರಿಗಳು ಮೊದಲೇ ಹೇಳಿ. ಅಮ್ಮನ ತೀರ್ಪು: "ನೀರುದೋಸೆಯಷ್ಟು ಮೆತ್ತಗಿಲ್ಲ, ಪರವಾಗಿಲ್ಲ."

ವೀಸಾ ತಲೆನೋವಿಲ್ಲ. 2023ರ ಆಗಸ್ಟ್‌ನಿಂದ 90 ದಿನದವರೆಗಿನ ಇ-ವೀಸಾ ಸಿಗುತ್ತದೆ. ಗುಂಪಿನ ಟೂರ್ ಮಾತ್ರ ಬೇಡ, ಮಾರ್ಕೆಟ್‌ಗೆ ಅರ್ಧ ಗಂಟೆಯೂ ಕೊಡುವುದಿಲ್ಲ.