ಯಲಹಂಕದ ಹೊಗೆ: ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ

ದೊಡ್ಡಪ್ಪ (ಫೋಟೋ ಸಮೇತ, ಹಲವು ಬಾರಿ ಫಾರ್ವರ್ಡ್ ಆಗಿದೆ): ಎಚ್ಚರ!! ಯಲಹಂಕ ಗ್ಯಾಸ್ ಸ್ಥಾವರದ ಹೊಗೆ ವಿಷ. ಕಲ್ಲಿದ್ದಲಿಗಿಂತ ಡಬಲ್ ಇಂಗಾಲ. ಕಿಟಕಿ ಮುಚ್ಚಿಕೊಳ್ಳಿ. ಎಲ್ಲರಿಗೂ ಕಳಿಸಿ 🙏

ಅತ್ತೆ: ಅಯ್ಯೋ ದೇವರೇ. 2020ರಲ್ಲಿ ಬೆಂಕಿ ಬಿದ್ದಿದ್ದು ಅಲ್ಲೇ ಅಲ್ವಾ?

ಅಣ್ಣ: ಬರೆದವರು ಯಾರು ದೊಡ್ಡಪ್ಪ? ಯಾವ ತಾರೀಖು? ಫೋಟೋ ಝೂಮ್ ಮಾಡಿ ನೋಡಿ. ಎಡಗಡೆ ಕಲ್ಲಿದ್ದಲಿನ ಗುಡ್ಡೆ ಇದೆ, ಪಕ್ಕದಲ್ಲಿ ರೈಲು ವ್ಯಾಗನ್. ಗ್ಯಾಸ್ ಪೈಪಲ್ಲಿ ಬರುತ್ತದೆ. ಯಲಹಂಕದಲ್ಲಿ ಬರೋದು ಬರೀ ಹಬೆ.

ದೊಡ್ಡಪ್ಪ: ಫೋಟೋ ಬಿಡಪ್ಪ, ವಿಷಯ ನೋಡು. ಮನೆಗೆ ಮೂರು ಎಸಿ ಬೇಕು ನಿಮಗೆ. ನಾವು ಇದ್ದಷ್ಟರಲ್ಲಿ ಬದುಕಿದೆವು.

ಮೈಸೂರು ತಮ್ಮ: ಮುಂಚೆ ಅಲ್ಲಿ ಡೀಸೆಲ್ ಪ್ಲಾಂಟ್ ಇತ್ತಲ್ವಾ? ಆಗಿನ ಲೋಡ್ ಶೆಡ್ಡಿಂಗ್ ನೆನಪಿದೆಯಾ? ಅಜ್ಜಿ ಲಾಟೀನು ಗಾಜಿಗೆ ಬೂದಿ ಹಚ್ಚಿ ಒರೆಸುತ್ತಿದ್ದರು. ಎಲ್ಲರೂ ಜಗಲಿ ಮೇಲೆ ಅಂತ್ಯಾಕ್ಷರಿ ❤️

ದೊಡ್ಡಮ್ಮ: ಬೂದಿ ಅಂದರೆ ಕಲ್ಲಿದ್ದಲು ಸ್ಥಾವರದ ಪಕ್ಕ ಇದ್ದು ನೋಡಬೇಕು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಬೂದು ಬಣ್ಣ.

ಅಣ್ಣ: ಇಂಥದ್ದೇ ಫಾರ್ವರ್ಡ್ ನಂಬಿ ಅಮ್ಮ ಬಿಪಿ ಮಾತ್ರೆ ಬಿಟ್ಟಿದ್ದರು. ಕಳಿಸಿದ್ದು ಯಾರು ಅಂತ ಹೇಳಲಾ?

ದೊಡ್ಡಪ್ಪ: ಹೇಳು. ಗೃಹಪ್ರವೇಶದ ಪತ್ರಿಕೆಯಲ್ಲಿ ನನ್ನ ಹೆಸರು ಬಿಟ್ಟಿದ್ದು ಯಾರು ಅಂತಲೂ ಹೇಳು.

ಅತ್ತೆ: ಅದು ಪ್ರೆಸ್‌ನವರ ತಪ್ಪು ಅಂತ ಎಷ್ಟು ಸಲ ಹೇಳೋದು ಅಣ್ಣಾ?

ಅಕ್ಕ: ಯಲಹಂಕದಲ್ಲಿ ಮನೆ ಇರೋದು ನನ್ನದು. ಸ್ವಲ್ಪ ಕೇಳಿ. ಇದು ರಾಜ್ಯ ಸರ್ಕಾರದ ವಿದ್ಯುತ್ ಕಂಪನಿ ಕೆಪಿಸಿಎಲ್‌ನ 370 ಮೆಗಾವಾಟ್ ಸ್ಥಾವರ, 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಗ್ಯಾಸ್ ಉರಿದು ಒಂದು ಟರ್ಬೈನ್ ತಿರುಗುತ್ತದೆ. ಅದರಿಂದ ಹೊರಬರುವ ಬಿಸಿಯಲ್ಲೇ ನೀರು ಕಾಯಿಸಿ, ಹಬೆಯಿಂದ ಇನ್ನೊಂದು. ಇಂಥ ಸ್ಥಾವರದಲ್ಲಿ ಒಂದು ಯೂನಿಟ್‌ಗೆ ಇಂಗಾಲದ ಡೈಆಕ್ಸೈಡ್ ಸುಮಾರು 400 ಗ್ರಾಂ. ಕಲ್ಲಿದ್ದಲಿಗೆ ಹತ್ತಿರ ಹತ್ತಿರ ಒಂದು ಕೆಜಿ. ಫಾರ್ವರ್ಡ್ ಪೂರ್ತಿ ಉಲ್ಟಾ ಇದೆ ದೊಡ್ಡಪ್ಪ.

ಆದರೆ ಅಣ್ಣ, ಬರೀ ಹಬೆ ಅನ್ನೋದೂ ಸುಳ್ಳು. ಆ ಉರಿಯ ಕಾವಿಗೆ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಬೂದಿ ಇಲ್ಲ, ವಾಸನೆಯೂ ಅಷ್ಟಾಗಿ ಇಲ್ಲ. ಆದರೂ ಶ್ವಾಸಕೋಶಕ್ಕೆ ಕೆಟ್ಟದ್ದು. ಯಂತ್ರ ಸ್ಟಾರ್ಟ್ ಆಗುವಾಗ, ಉರಿ ಹದಕ್ಕೆ ಬರುವ ತನಕ, ಯೂನಿಟ್ ಲೆಕ್ಕದಲ್ಲಿ ಇದು ಜಾಸ್ತಿ. ಸಂಜೆ ಸೋಲಾರ್ ಇಳಿದ ಮೇಲೆ ಮಾತ್ರ ಓಡಿಸಿ ರಾತ್ರಿ ನಿಲ್ಲಿಸಿದರೆ ಸ್ಟಾರ್ಟ್ ಮಾಡೋದೂ ಜಾಸ್ತಿ. ವರ್ಷದ ಸರಾಸರಿ ತೋರಿಸಿದರೆ ಅದು ಕಾಣುವುದೇ ಇಲ್ಲ. ಸುತ್ತಲೂ ಅಪಾರ್ಟ್‌ಮೆಂಟ್ ಇವೆ. ಸ್ಟಾರ್ಟ್ ಆದ ಮೊದಲ ಗಂಟೆಯ ಅಂಕಿ ನನಗೆ ಬೇಕು.

ಮೈಸೂರು ತಮ್ಮ: ಆ ಲಾಟೀನು ಈಗ ಯಾರ ಮನೇಲಿದೆ?

ಅಣ್ಣ: ಹಬೆ ಅಂದಿದ್ದು ವಾಪಸ್. ಮಾಲಿನ್ಯ ನಿಯಂತ್ರಣ ಮಂಡಳಿಗೆ ಆರ್‌ಟಿಐ ಹಾಕೋಣ, 10 ರೂಪಾಯಿ. ಇವತ್ತೇ ಬರೆಯುತ್ತೇನೆ.

ದೊಡ್ಡಪ್ಪ: ನನ್ನ ಹೆಸರಲ್ಲೇ ಹಾಕು. ಪೂರ್ತಿ ಹೆಸರು, ಇನಿಷಿಯಲ್ ಸಮೇತ.